ಪಾರ್ಸೆಲ್ ಒಡೆಯಿತೆಂದು ದೂರು ಬಂದರೆ: ಪ್ಯಾಕಿಂಗ್ ವಿಡಿಯೊ ತೆಗೆಯುವ, ಇಟ್ಟುಕೊಳ್ಳುವ, ಬಳಸುವ ಕ್ರಮ

ಮನೆಯಿಂದಲೇ ಉಪ್ಪಿನಕಾಯಿ, ಜೇನುತುಪ್ಪ, ಚನ್ನಪಟ್ಟಣದ ಗೊಂಬೆ, ಖಾನಾಪುರದ ಮಣ್ಣಿನ ಪಾತ್ರೆ ಮಾರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಪ್ಯಾಕಿಂಗ್ ವಿಡಿಯೊ ಇತ್ತು, ಕಳಿಸಿದೆ, ಆದರೂ ಕ್ಲೇಮ್ ರಿಜೆಕ್ಟ್ ಆಯ್ತು. ಯಾಕೆ?"

ಅಂಥ ವಿಡಿಯೊಗಳನ್ನು ನೋಡಿದರೆ ಕಾರಣ ಬೇಗ ಗೊತ್ತಾಗುತ್ತದೆ. ಬಾಟಲಿ ಕಾಣುತ್ತದೆ, ಬಾಕ್ಸ್ ಕಾಣುತ್ತದೆ. ಆದರೆ ಆ ಬಾಟಲಿ ಆ ಬಾಕ್ಸಿನಲ್ಲೇ ಆ ಗ್ರಾಹಕರ ವಿಳಾಸಕ್ಕೇ ಹೋಯಿತು ಎಂಬುದು ಎಲ್ಲೂ ಕಾಣುವುದಿಲ್ಲ. ವಸ್ತು, ಅದನ್ನು ಕಟ್ಟಿದ ರೀತಿ, ಮೇಲಿನ ಲೇಬಲ್, ಈ ಮೂರೂ ನಡುವೆ ಎಲ್ಲೂ ಕಡಿಯದೆ ಒಂದೇ ವಿಡಿಯೊದಲ್ಲಿ ಬಂದರೆ ಮಾತ್ರ ಅದು ಸಾಕ್ಷಿ. ಇಲ್ಲದಿದ್ದರೆ ಅದು ಪ್ಯಾಕಿಂಗ್ ಮಾಡುವುದು ಹೇಗೆ ಎಂದು ತೋರಿಸುವ ರೀಲ್ ಅಷ್ಟೇ.

ಕೆಳಗೆ ಉದಾಹರಣೆಗೆ ಗಾಜಿನ ಬಾಟಲಿಯ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಇಟ್ಟುಕೊಂಡಿದ್ದೇನೆ. ಒಡೆಯುತ್ತದೆ, ಸೋರುತ್ತದೆ, ಸೋರಿದರೆ ಪಕ್ಕದ ಪಾರ್ಸೆಲ್‌ಗಳನ್ನೂ ಹಾಳು ಮಾಡುತ್ತದೆ. ಇದಕ್ಕೆ ಸರಿಹೋಗುವ ಕ್ರಮ ಉಳಿದ ಹೆಚ್ಚಿನ ಸಾಮಾನಿಗೂ ಸಾಕು.

ವಿಡಿಯೊ ಯಾರ ಎದುರು ನಿಲ್ಲುತ್ತದೆ?

ಪ್ಯಾಕಿಂಗ್ ವಿಡಿಯೊಕ್ಕೆ ನಿಮ್ಮ ಮನೆ ಬಾಗಿಲ ತನಕದ ವಿಷಯ ಮಾತ್ರ ಗೊತ್ತು. ದಾರಿಯಲ್ಲಿ ಯಾವ ಗೋದಾಮಿನಲ್ಲಿ ಯಾರು ಎಸೆದರು ಎಂಬುದನ್ನು ಅದು ಹೇಳಲಾರದು. ಆದ್ದರಿಂದ ಎದುರಿಗೆ ಯಾರಿದ್ದಾರೆ ಎಂಬುದರ ಮೇಲೆ ಅದರ ತೂಕ ಬದಲಾಗುತ್ತದೆ.

"ಖಾಲಿ ಬಾಕ್ಸ್ ಬಂತು", "ಎರಡರ ಬದಲು ಒಂದೇ ಬಾಟಲಿ ಇತ್ತು", "ಬೇರೆ ಏನೋ ಕಳಿಸಿದ್ದೀರಿ" ಎಂಬ ದೂರುಗಳಿಗೆ ವಿಡಿಯೊ ಗಟ್ಟಿ ಉತ್ತರ. "ಒಡೆದು ಬಂದಿದೆ" ಎಂಬುದಕ್ಕೆ ಹಾಗಲ್ಲ. ನೀವು ಸರಿಯಾಗಿಯೇ ಕಟ್ಟಿದ್ದೀರಿ, ದಾರಿಯಲ್ಲಿ ಒಡೆದಿದೆ, ಅದರಲ್ಲಿ ಗ್ರಾಹಕರ ತಪ್ಪೇನಿದೆ? ವಿಡಿಯೊ ತೋರಿಸಿ ಹಣ ಕೊಡುವುದಿಲ್ಲ ಎನ್ನುವಂತಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ ಸರಕನ್ನು ವಾಪಸ್ ತೆಗೆದುಕೊಳ್ಳಲು, ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವ ಹಾಗಿಲ್ಲ. ಅಲ್ಲಿ ಗ್ರಾಹಕರಿಗೆ ಹಣ ಅಥವಾ ಬದಲಿ ಬಾಟಲಿ ಕೊಟ್ಟು, ನಿಮ್ಮ ನಷ್ಟವನ್ನು ಕೊರಿಯರ್‌ನಿಂದಲೋ ವಿಮೆಯಿಂದಲೋ ವಸೂಲಿ ಮಾಡಲು ವಿಡಿಯೊ ಬಳಸಬೇಕು. ಕೊರಿಯರ್‌ನವರ ಮೊದಲ ಉತ್ತರ ಸಾಮಾನ್ಯವಾಗಿ "ಪ್ಯಾಕಿಂಗ್ ಸರಿಯಿರಲಿಲ್ಲ" ಎಂಬುದೇ ಆಗಿರುತ್ತದೆ. ಆ ಮಾತನ್ನು ಮುರಿಯುವುದೇ ಈ ವಿಡಿಯೊದ ಮುಖ್ಯ ಕೆಲಸ.

ಎಷ್ಟೋ ಜನ ತಮ್ಮ ಪೇಜಿನಲ್ಲಿ "ಅನ್‌ಬಾಕ್ಸಿಂಗ್ ವಿಡಿಯೊ ಇಲ್ಲದಿದ್ದರೆ ರೀಫಂಡ್ ಇಲ್ಲ" ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ವಿಡಿಯೊ ತೆಗೆದಿಡಿ ಎಂದು ಕೇಳಿಕೊಳ್ಳುವುದು ಒಳ್ಳೆಯದೇ. ಆದರೆ ಆ ಒಂದು ಸಾಲನ್ನು ನಂಬಿ ನಿಜವಾಗಿ ಒಡೆದ ಸರಕಿಗೂ ಹಣ ಇಲ್ಲವೆಂದರೆ, ಗ್ರಾಹಕರು 1915ಕ್ಕೆ ಫೋನ್ ಮಾಡಿದ ದಿನ ನಿಮ್ಮ ಬಳಿ ಹೇಳಲು ಏನೂ ಇರುವುದಿಲ್ಲ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ.

ಬೇಕಾಗುವ ಸಾಮಾನು

ಒಂದು ಫೋನ್. ಅದನ್ನು ಮೇಜಿನ ಮೇಲ್ಗಡೆಯಿಂದ ಕೆಳಮುಖವಾಗಿ ಹಿಡಿಯುವ ಸ್ಟ್ಯಾಂಡ್. ನೆರಳು ಬೀಳದ ಹಾಗೆ ಎರಡು ಕಡೆ ಬೆಳಕು. ಅಂಕಿ ದೊಡ್ಡದಾಗಿ ಕಾಣುವ ಡಿಜಿಟಲ್ ತೂಕದ ಯಂತ್ರ. ಒಂದು ಅಳತೆ ಟೇಪು, ಒಂದು ಮಾರ್ಕರ್ ಪೆನ್ನು. ನಿಮ್ಮ ಅಂಗಡಿಯ ಹೆಸರು ಅಚ್ಚಾದ ಟೇಪ್ ಇದ್ದರೆ ಇನ್ನೂ ಒಳ್ಳೆಯದು. ಯಾರಾದರೂ ತೆರೆದು ಬೇರೆ ಟೇಪ್ ಅಂಟಿಸಿದ್ದರೆ ತಕ್ಷಣ ಗೊತ್ತಾಗುತ್ತದೆ. ದುಬಾರಿ ಕ್ಯಾಮೆರಾ ಬೇಡ, ಪ್ಯಾಕಿಂಗ್ ವಿಡಿಯೊ ಆ್ಯಪ್‌ಗಳಿಗೆ ತಿಂಗಳ ಬಾಡಿಗೆಯೂ ಶುರುವಿಗೆ ಬೇಡ.

ಹಂತ 1: ಮೊದಲು ಪ್ಯಾಕಿಂಗ್ ಸರಿಮಾಡಿ

ಪ್ಯಾಕಿಂಗ್ ತೆಳುವಾಗಿದ್ದರೆ ಅದೇ ವಿಡಿಯೊ ನಿಮ್ಮ ವಿರುದ್ಧದ ಸಾಕ್ಷಿ. ಒಂದೇ ಸುತ್ತು ಬಬಲ್ ರ‍್ಯಾಪ್ ಹಾಕಿ, ಹಳೆಯ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿ ಬಾಟಲಿ ಇಟ್ಟದ್ದನ್ನು ನೀವೇ ಸ್ಪಷ್ಟವಾಗಿ ಚಿತ್ರೀಕರಿಸಿ ಕಳಿಸಿದರೆ ಕೊರಿಯರ್‌ನವರ ಕೆಲಸ ಸುಲಭ ಮಾಡಿದಂತೆ.

ಗಾಜಿಗೆ ಕನಿಷ್ಠ 5 ಪ್ಲೈ ಬಾಕ್ಸ್ ಇರಲಿ. 5 ಪ್ಲೈ ಎಂದರೆ ಮೂರು ಚಪ್ಪಟೆ ಹಾಳೆ, ನಡುವೆ ಎರಡು ಸುಕ್ಕು ಹಾಳೆ ಸೇರಿದ ರಟ್ಟು. ಬಾಟಲಿಗೂ ಬಾಕ್ಸಿನ ಗೋಡೆಗೂ ಎಲ್ಲ ಕಡೆ ಎರಡು ಇಂಚು ಮೆತ್ತೆ ಬೇಕು. ಎರಡು ಬಾಟಲಿಗಳಿದ್ದರೆ ಗಾಜಿಗೆ ಗಾಜು ತಾಗಬಾರದು, ನಡುವೆ ರಟ್ಟಿನ ತಡೆ ಇರಬೇಕು. ಬಾಟಲಿಯನ್ನು ಮೊದಲು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಲ್ ಮಾಡಿ, ಆಮೇಲೆ ಬಬಲ್ ರ‍್ಯಾಪ್. ಸೋರಿದರೂ ಚೀಲದೊಳಗೇ ಉಳಿಯುತ್ತದೆ. ಮಳೆಗಾಲದಲ್ಲಿ ರಟ್ಟು ತೇವ ಹೀರಿ ಮೆತ್ತಗಾಗುತ್ತದೆ, ಆದ್ದರಿಂದ ಹೊರಗಡೆಯೂ ಒಂದು ಪ್ಲಾಸ್ಟಿಕ್ ಹೊದಿಕೆ ಇರಲಿ.

ಕಳಿಸುವ ಮೊದಲೇ ನಿಮ್ಮ ಕೊರಿಯರ್‌ನ ಷರತ್ತು ಓದಿ. ಗಾಜು, ದ್ರವ ಪದಾರ್ಥಗಳಿಗೆ ಹಾನಿ ಪರಿಹಾರ ಅನ್ವಯಿಸುವುದಿಲ್ಲ ಎಂದು ಅನೇಕ ಕಂಪನಿಗಳು ಬರೆದುಕೊಂಡಿರುತ್ತವೆ. ಹಾಗಿದ್ದರೆ ನೀವು ಎಂಥ ವಿಡಿಯೊ ತೆಗೆದರೂ ಅವರಿಂದ ಹಣ ಗಿಟ್ಟುವುದು ಕಷ್ಟ. ಬೇರೆ ಸಾಗಣೆ ವಿಮೆ ಮಾಡಿಸಿ, ಇಲ್ಲವೇ ಪ್ಲಾಸ್ಟಿಕ್ ಜಾಡಿಗೆ ಬದಲಾಗಿ. "ಫ್ರಾಜೈಲ್" ಸ್ಟಿಕ್ಕರ್ ಅಂಟಿಸಿ, ತಪ್ಪೇನಿಲ್ಲ, ಆದರೆ ಅದನ್ನು ನೋಡಿ ಯಾರಾದರೂ ಮೆಲ್ಲಗೆ ಇಡುತ್ತಾರೆಂದು ನಂಬಿ ಮೆತ್ತೆ ಕಡಿಮೆ ಮಾಡಬೇಡಿ.

ಹಂತ 2: ಫೋನ್ ಸಜ್ಜು ಮಾಡಿ

ಲೆನ್ಸ್ ಒರೆಸಿ. ಅಡುಗೆಮನೆಯಲ್ಲಿ ಓಡಾಡುವ ಫೋನಿನ ಲೆನ್ಸಿನ ಮೇಲೆ ಎಣ್ಣೆಯ ಪಸೆ ಇದ್ದೇ ಇರುತ್ತದೆ, ಲೇಬಲ್‌ನ ಸಣ್ಣ ಅಂಕಿಗಳು ಮಸುಕಾಗುವುದು ಅದರಿಂದಲೇ. ರೆಕಾರ್ಡಿಂಗ್ 1080ಪಿ, ಸೆಕೆಂಡಿಗೆ 30 ಫ್ರೇಮ್‌ಗೆ ಇಡಿ. 4ಕೆ ಬೇಡ, ಸುಮ್ಮನೆ ಜಾಗ ತಿನ್ನುತ್ತದೆ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುವೆ ಕರೆ ಬಂದರೆ ಬಹಳಷ್ಟು ಫೋನ್‌ಗಳಲ್ಲಿ ರೆಕಾರ್ಡಿಂಗ್ ನಿಂತುಬಿಡುತ್ತದೆ. ಆಗ ವಿಡಿಯೊ ಎರಡು ತುಂಡಾಗುತ್ತದೆ, ನಡುವಿನ ಅಂತರದಲ್ಲಿ ವಸ್ತು ಬದಲಾಯಿಸಿದಿರಿ ಎನ್ನಲು ಎದುರಿನವರಿಗೆ ಅಷ್ಟು ಸಾಕು. ಫೋನಿನ ದಿನಾಂಕ, ಸಮಯ ಆಟೊಮ್ಯಾಟಿಕ್ ಆಗಿರಲಿ. ಫೈಲಿನೊಳಗೆ ತಾನೇ ದಾಖಲಾಗುವ ಸಮಯ ಅದರಿಂದಲೇ ಬರುವುದು. ವಿಡಿಯೊ ಮೇಲೆ ಗಂಟೆ ಮೂಡಿಸುವ ಆ್ಯಪ್ ಬಳಸಬಹುದು, ಆದರೆ ಅದೊಂದನ್ನೇ ನೆಚ್ಚಬೇಡಿ. ಅಂಥ ಅಕ್ಷರಗಳನ್ನು ಆಮೇಲೆಯೂ ಸೇರಿಸಬಹುದು ಎಂದು ಎಲ್ಲರಿಗೂ ಗೊತ್ತು.

ಮೇಜಿನ ಮೇಲೆ ಚಾಕ್‌ನಿಂದಲೋ ಟೇಪ್‌ನಿಂದಲೋ ಚೌಕ ಹಾಕಿಕೊಳ್ಳಿ. ಕ್ಯಾಮೆರಾಕ್ಕೆ ಕಾಣುವ ಜಾಗ ಅದು. ಕತ್ತರಿ, ಟೇಪ್, ಬಬಲ್ ರ‍್ಯಾಪ್ ಎಲ್ಲವೂ ಕೈಗೆಟುಕುವಂತೆ ಮೊದಲೇ ಇಟ್ಟುಕೊಳ್ಳಿ.

ಹಂತ 3: ಲೇಬಲ್ ಮೊದಲೇ ಪ್ರಿಂಟ್ ತೆಗೆದಿಡಿ

ತುಂಬ ಜನ ಎಡವುವುದು ಇಲ್ಲಿ. ಬೆಳಿಗ್ಗೆ ಹತ್ತು ಬಾಕ್ಸ್ ಕಟ್ಟಿ ಸಾಲಾಗಿ ಇಡುತ್ತಾರೆ, ಸಂಜೆ ಲೇಬಲ್ ಪ್ರಿಂಟ್ ಮಾಡಿ ಒಂದೊಂದಕ್ಕೆ ಅಂಟಿಸುತ್ತಾರೆ. ಹತ್ತೂ ಬಾಕ್ಸ್ ನೋಡಲು ಒಂದೇ ಥರ. ಯಾವ ವಿಡಿಯೊ ಯಾವ ಲೇಬಲ್‌ನದು ಎಂಬುದಕ್ಕೆ ನಿಮ್ಮ ನೆನಪು ಬಿಟ್ಟರೆ ಬೇರೆ ಆಧಾರ ಉಳಿಯುವುದಿಲ್ಲ.

ಲೇಬಲ್ ಮೇಲಿನ ಎಡಬ್ಲ್ಯುಬಿ ಸಂಖ್ಯೆಯೇ ಇಡೀ ವಿಡಿಯೊದ ಬೆನ್ನೆಲುಬು. ಎಡಬ್ಲ್ಯುಬಿ ಎಂದರೆ ಆ ಒಂದು ಪಾರ್ಸೆಲ್‌ಗೆ ಮಾತ್ರ ಕೊರಿಯರ್ ಕೊಡುವ ಟ್ರ್ಯಾಕಿಂಗ್ ಸಂಖ್ಯೆ. ಅದು ಕೈಯಲ್ಲಿಲ್ಲದೆ ರೆಕಾರ್ಡಿಂಗ್ ಶುರುಮಾಡಬೇಡಿ. ಇನ್‌ವಾಯ್ಸ್‌ನಲ್ಲಿ ನಿಜವಾದ ಬೆಲೆಯನ್ನೇ ಹಾಕಿ. ಸಾಗಣೆ ಖರ್ಚು ಉಳಿಸಲು 1,800 ರೂಪಾಯಿಯ ಸಾಮಾನಿಗೆ 300 ಎಂದು ಬರೆದರೆ, ಒಡೆದ ದಿನ 300ರ ಮೇಲೆ ಕೇಳಲು ಬಾಯಿಲ್ಲ.

ಹಂತ 4: ಒಂದೇ ಓಟದ ರೆಕಾರ್ಡಿಂಗ್

ಶುರುವಿನಿಂದ ಕೊನೆತನಕ ನಿಲ್ಲಿಸಬೇಡಿ, ವಸ್ತು ಮತ್ತು ಬಾಕ್ಸ್ ಚೌಕದಿಂದ ಆಚೆ ಹೋಗಬಾರದು. ಮೂರು ನಾಲ್ಕು ನಿಮಿಷದ ಕೆಲಸ.

ಮೊದಲು ಲೇಬಲ್ಲನ್ನು ಕ್ಯಾಮೆರಾ ಹತ್ತಿರ ತಂದು, ಫೋಕಸ್ ಕೂತು ಅಂಕಿಗಳು ಚೊಕ್ಕ ಕಾಣುವ ತನಕ ಹಿಡಿಯಿರಿ. ಎಡಬ್ಲ್ಯುಬಿ ಸಂಖ್ಯೆ, ಆರ್ಡರ್ ಸಂಖ್ಯೆ, ದಿನಾಂಕವನ್ನು ಬಾಯಲ್ಲೂ ಹೇಳಿ. ಚಿತ್ರ ಎಲ್ಲಾದರೂ ಮಸುಕಾದರೆ ದನಿ ಕೈಹಿಡಿಯುತ್ತದೆ. ಆಮೇಲೆ ಲೇಬಲ್ಲನ್ನು ಚೌಕದ ಒಂದು ಮೂಲೆಯಲ್ಲಿಡಿ, ಕೊನೆತನಕ ಅದು ಅಲ್ಲೇ ಕಾಣುತ್ತಿರಲಿ.

ಈಗ ಖಾಲಿ ಬಾಕ್ಸ್. ಒಳಗೆ, ಹೊರಗೆ, ತಳ ತೋರಿಸಿ.

ಬಾಟಲಿಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಕುತ್ತಿಗೆ, ತಳ, ಮುಚ್ಚಳದ ಸೀಲ್, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ ಕಾಣಲಿ. ಬೆರಳ ಗೆಣ್ಣಿನಿಂದ ಗಾಜಿಗೆ ಮೆಲ್ಲಗೆ ತಟ್ಟಿ. ಬಿರುಕಿಲ್ಲದ ಗಾಜಿನ ಸದ್ದು ಬೇರೆ, ಬಿರುಕು ಬಿಟ್ಟ ಗಾಜಿನ ಸದ್ದು ಬೇರೆ, ಅದು ರೆಕಾರ್ಡ್ ಆಗುತ್ತದೆ. ಆಮೇಲೆ ಒಂದು ಬಿಳಿ ಕಾಗದದ ಮೇಲೆ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಅರ್ಧ ನಿಮಿಷ ಬಿಡಿ. ಆ ಹೊತ್ತಿನಲ್ಲಿ ಬಬಲ್ ರ‍್ಯಾಪ್ ಕತ್ತರಿಸಿಕೊಳ್ಳಿ. ಬಾಟಲಿ ಎತ್ತಿ ಕಾಗದವನ್ನು ಕ್ಯಾಮೆರಾಕ್ಕೆ ತೋರಿಸಿ: ಉಪ್ಪುನೀರಿನ ಉಂಗುರ ಮೂಡಿಲ್ಲವೆಂದರೆ ಮುಚ್ಚಳ ಗಟ್ಟಿಯಾಗಿ ಕೂತಿದೆ. "ಮುಚ್ಚಳ ಸರಿಯಾಗಿ ಹಾಕಿರಲಿಲ್ಲ, ಅದಕ್ಕೇ ಸೋರಿದೆ" ಎಂಬ ಮಾತಿಗೆ ಈ ಕಾಗದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಉಂಗುರ ಮೂಡಿದರೆ ಆ ಬಾಟಲಿ ಮನೆ ಬಳಕೆಗೆ. ಎಳೆಯ ಉಪ್ಪಿನಕಾಯಿ, ಜೋನಿ ಬೆಲ್ಲ ಹುದುಗಿ ಒಳಗೆ ಗಾಳಿ ಕಟ್ಟುವುದುಂಟು. ಮುಚ್ಚಳ ಸ್ವಲ್ಪವೇ ಉಬ್ಬಿದಂತಿದ್ದರೂ ಕಳಿಸಬೇಡಿ, ಅದು ಸಾಗಣೆಯ ದೋಷವಲ್ಲ.

ಬೇರೆ ಸಾಮಾನಿಗೆ ಈ ಜಾಗದಲ್ಲಿ ಅದರದರ ಪರೀಕ್ಷೆ ಇರಲಿ. ರೇಷ್ಮೆ ಸೀರೆಯಾದರೆ ಪೂರ್ತಿ ಬಿಡಿಸಿ ಸೆರಗು, ಎರಡೂ ಅಂಚು, ಸಿಲ್ಕ್ ಮಾರ್ಕ್ ಚೀಟಿಯ ಸಂಖ್ಯೆ ತೋರಿಸಿ. ಗೊಂಬೆಯಾದರೆ ಅರಗಿನ ಬಣ್ಣದ ಮೇಲೆ ಗೀರಿಲ್ಲವೆಂದು ತೋರಿಸಿ, ಗಾಲಿ ಉರುಳಿಸಿ. ಎಲೆಕ್ಟ್ರಾನಿಕ್ಸ್ ಆದರೆ ಆನ್ ಮಾಡಿ, ಸೀರಿಯಲ್ ಸಂಖ್ಯೆ ಹಿಡಿಯಿರಿ.

ಚೀಲಕ್ಕೆ ಹಾಕಿ ಸೀಲ್ ಮಾಡಿ, ಸುತ್ತಿ, ಬಾಕ್ಸಿನಲ್ಲಿಟ್ಟು, ಖಾಲಿ ಜಾಗ ತುಂಬಿ. ಮುಚ್ಚುವ ಮೊದಲು ಬಾಕ್ಸನ್ನು ಕ್ಯಾಮೆರಾ ಕಡೆ ವಾಲಿಸಿ ಒಳಗಿನ ಮೆತ್ತೆ ಎಷ್ಟಿದೆ ಎಂದು ತೋರಿಸಿ. ಅಳತೆ ಟೇಪನ್ನು ಗೋಡೆಗೂ ಬಾಟಲಿಗೂ ನಡುವೆ ಇಳಿಸಿದರೆ ಇನ್ನೂ ಚೆನ್ನ. ಮುಚ್ಚಿ, ನಡುವಿನ ಬಿರುಕಿಗೂ ಎರಡು ಅಂಚುಗಳಿಗೂ ಎಚ್ ಆಕಾರದಲ್ಲಿ ಟೇಪ್ ಹೊಡೆಯಿರಿ, ಕೆಳಗೂ ಹಾಗೆಯೇ. ಟೇಪಿನ ಮೇಲಿಂದ ರಟ್ಟಿನ ಮೇಲಕ್ಕೆ ಹಾಯುವಂತೆ ಮಾರ್ಕರ್‌ನಲ್ಲಿ ಅಡ್ಡ ಸಹಿ ಹಾಕಿ. ಯಾರಾದರೂ ಟೇಪ್ ತೆಗೆದು ಮತ್ತೆ ಅಂಟಿಸಿದರೆ ಆ ಗೆರೆ ಕೂಡುವುದಿಲ್ಲ. ಬಾಕ್ಸನ್ನು ಕಿವಿ ಹತ್ತಿರವಲ್ಲ, ಫೋನಿನ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಏನೂ ಸದ್ದಾಗಬಾರದು.

ತೂಕದ ಯಂತ್ರದ ಮೇಲೆ ಇಡಿ, ಅಂಕಿ ನಿಂತ ಮೇಲೆ ಗಟ್ಟಿಯಾಗಿ ಓದಿ. ಉದ್ದ, ಅಗಲ, ಎತ್ತರಕ್ಕೂ ಟೇಪ್ ಹಿಡಿಯಿರಿ. ಇದರಿಂದ ಇನ್ನೊಂದು ಲಾಭವೂ ಇದೆ. ಕೊರಿಯರ್‌ಗಳು ನಿಜ ತೂಕ ಮತ್ತು ಗಾತ್ರದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ಹಣ ಹಾಕುತ್ತವೆ. ಗಾತ್ರದ ತೂಕ ಎಂದರೆ ಸೆಂಟಿಮೀಟರ್‌ನಲ್ಲಿ ಮೂರೂ ಅಳತೆ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿದಾಗ ಬರುವ ಕೆಜಿ. 30, 20, 20 ಸೆಂ.ಮೀ. ಬಾಕ್ಸ್‌ಗೆ 2.4 ಕೆಜಿ. "ನಿಮ್ಮ ಪಾರ್ಸೆಲ್ 4 ಕೆಜಿ ಇತ್ತು" ಎಂದು ಹೆಚ್ಚುವರಿ ಕಡಿತ ಬಂದಾಗಲೂ ಇದೇ ವಿಡಿಯೊ ಸಾಕು.

ಕೊನೆಗೆ ಮೂಲೆಯಲ್ಲಿದ್ದ ಅದೇ ಲೇಬಲ್ ಎತ್ತಿ ಬಾಕ್ಸಿಗೆ ಅಂಟಿಸಿ, ಮತ್ತೊಮ್ಮೆ ಹತ್ತಿರದಿಂದ ತೋರಿಸಿ, ಆರೂ ಮುಖ ತಿರುಗಿಸಿ, ಆಮೇಲೆ ನಿಲ್ಲಿಸಿ. ತಕ್ಷಣ ಪ್ಲೇ ಮಾಡಿ ಎಡಬ್ಲ್ಯುಬಿ ಓದಲು ಬರುತ್ತದೆಯೇ ನೋಡಿ. ಬರದಿದ್ದರೆ ಸರಿಪಡಿಸಲು ಈಗಲೇ ಅವಕಾಶ, ಬಾಕ್ಸ್ ಇನ್ನೂ ನಿಮ್ಮ ಮುಂದೆಯೇ ಇದೆ.

ಹಂತ 5: ಪಿಕಪ್

ವಿಡಿಯೊ ಮುಗಿದ ಮೇಲೆ ಬಾಕ್ಸ್ ಒಂದು ರಾತ್ರಿ ಜಗುಲಿಯಲ್ಲಿ ಇರುತ್ತದೆ. ಈ ಅಂತರವನ್ನೂ ಮುಚ್ಚಬೇಕು. ಪಿಕಪ್ ಹುಡುಗ ಸ್ಕ್ಯಾನ್ ಮಾಡುವಾಗ ಬಾಕ್ಸಿನ ಒಂದು ಫೋಟೊ, ಮ್ಯಾನಿಫೆಸ್ಟ್ ಮೇಲೆ ಅವರ ಸಹಿ, ಇಷ್ಟು ಸಾಕು. ಆ ದಿನ ಒಯ್ದ ಪಾರ್ಸೆಲ್‌ಗಳ ಪಟ್ಟಿಯೇ ಮ್ಯಾನಿಫೆಸ್ಟ್. ಅಂಚೆ ಕಚೇರಿಯಲ್ಲಿ ಕೊಟ್ಟರೆ ರಸೀದಿ ಇದ್ದೇ ಇದೆ, ಅದರ ಮೇಲೆ ತೂಕವೂ ಅಚ್ಚಾಗಿರುತ್ತದೆ.

ಹಂತ 6: ಫೈಲ್ ಇಡುವ ಕ್ರಮ

ಹೆಸರು ಹೀಗಿರಲಿ: ಮೊದಲು ದಿನಾಂಕ, ಆಮೇಲೆ ಆರ್ಡರ್ ಸಂಖ್ಯೆ, ಆಮೇಲೆ ಎಡಬ್ಲ್ಯುಬಿ. ತಿಂಗಳಿಗೊಂದು ಫೋಲ್ಡರ್. ಮೂಲ ಫೈಲನ್ನು ಕತ್ತರಿಸಬೇಡಿ, ವೇಗ ಹೆಚ್ಚಿಸಬೇಡಿ, ಹಾಡು ಸೇರಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಅಂಕಿಗಳು ಮಸುಕಾಗುತ್ತವೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಗೂಗಲ್ ಫೋಟೊಸ್‌ನ ಜಾಗ ಉಳಿಸುವ ಆಯ್ಕೆಯೂ ಗುಣಮಟ್ಟ ಇಳಿಸುತ್ತದೆ.

1080ಪಿ ವಿಡಿಯೊ ನಿಮಿಷಕ್ಕೆ 60ರಿಂದ 130 ಎಂಬಿ ಹಿಡಿಯುತ್ತದೆ, ಅದು ಫೋನಿನಿಂದ ಫೋನಿಗೆ ಬದಲಾಗುತ್ತದೆ. ಮೂರು ನಿಮಿಷದ ಹತ್ತು ವಿಡಿಯೊ ದಿನಕ್ಕೆ ಎಂದರೆ ಕಡಿಮೆ ಲೆಕ್ಕದಲ್ಲೂ 1.8 ಜಿಬಿ. ಫೋನಿನಲ್ಲೇ ಬಿಟ್ಟರೆ ಒಂದು ತಿಂಗಳೂ ಸಾಲದು. ಒಂದು 1 ಟಿಬಿ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ, ಬೆಲೆಬಾಳುವ ಆರ್ಡರ್‌ಗಳಿಗೆ ಮಾತ್ರ ಕ್ಲೌಡ್‌ನಲ್ಲಿ ಎರಡನೇ ಪ್ರತಿ ಸಾಕು.

ಎಷ್ಟು ದಿನ ಇಡಬೇಕು? 2007ರ ರಸ್ತೆ ಸರಕು ಸಾಗಣೆ ಕಾಯ್ದೆಯ ಪ್ರಕಾರ ಹಾನಿಗಾಗಿ ಸಾಗಣೆದಾರರ ಮೇಲೆ ದಾವೆ ಹೂಡಬೇಕಾದರೆ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಗ್ರಾಹಕರಿಗೆ 2 ವರ್ಷ ಇರುತ್ತದೆ. ಆದ್ದರಿಂದ ಎಲ್ಲವನ್ನೂ ಏಳು ತಿಂಗಳು, ಜಗಳ ಬಂದದ್ದನ್ನೂ ದುಬಾರಿಯದನ್ನೂ ಎರಡು ವರ್ಷ ದಾಟುವ ತನಕ ಇಡುವುದು ನನ್ನ ಸಲಹೆ.

ಈ ವಿಡಿಯೊಗಳಲ್ಲಿ ಗ್ರಾಹಕರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಇರುತ್ತದೆ. "ನೋಡಿ, ಹೇಗೆ ಮೋಸ ಮಾಡುತ್ತಾರೆ" ಎಂದು ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡಿ. ಒಂದು ಜಗಳ ಎರಡಾಗುತ್ತದೆ.

ಹಂತ 7: ದೂರು ಬಂದ ದಿನ

ಮೊದಲ ಸಂದೇಶದಲ್ಲೇ ವಿಡಿಯೊ ಎಸೆಯಬೇಡಿ. ನಿಜವಾಗಿ ಒಡೆದ ಬಾಟಲಿ ಪಡೆದವರಿಗೆ ಅದು "ನೀವು ಸುಳ್ಳು ಹೇಳುತ್ತಿದ್ದೀರಿ" ಎಂದು ಕೇಳಿಸುತ್ತದೆ. ಹೀಗೆ ಬರೆಯಿರಿ:

"ನಮಸ್ಕಾರ. ಬಾಟಲಿ ಒಡೆದದ್ದು ತಿಳಿದು ಬೇಸರವಾಯಿತು. ದಯವಿಟ್ಟು ಬಾಕ್ಸಿನ ಆರೂ ಬದಿ, ಲೇಬಲ್, ಒಳಗಿನ ಪ್ಯಾಕಿಂಗ್, ಒಡೆದ ಭಾಗದ ಫೋಟೊ ಕಳಿಸಿ. ಕೊರಿಯರ್‌ನವರು ಪರಿಶೀಲಿಸಬಹುದು, ಬಾಕ್ಸನ್ನು ಸದ್ಯಕ್ಕೆ ಎಸೆಯಬೇಡಿ. ಗಾಜಿನ ಚೂರು ಕೈಗೆ ತಾಗದಂತೆ ನೋಡಿಕೊಳ್ಳಿ."

ಫೋಟೊ ಬಂದ ಮೇಲೆ ನಿಮ್ಮ ವಿಡಿಯೊ ಪಕ್ಕದಲ್ಲಿಟ್ಟು ಹೋಲಿಸಿ. ಟೇಪ್ ನಿಮ್ಮದೇನಾ? ಅಡ್ಡ ಸಹಿಯ ಗೆರೆ ಕೂಡುತ್ತಿದೆಯಾ? ಬ್ಯಾಚ್ ಸಂಖ್ಯೆ ಅದೇನಾ? ಮೂಲೆ ಜಜ್ಜಿದೆ, ಗೆರೆ ಸರಿಯಿದೆ ಎಂದರೆ ಸಾಗಣೆಯಲ್ಲಿ ಆದ ಹಾನಿ: ಗ್ರಾಹಕರಿಗೆ ಹಣ ಕೊಡಿ, ಕೊರಿಯರ್ ಮೇಲೆ ಕ್ಲೇಮ್ ಹಾಕಿ. ಗೆರೆ ಕೂಡುತ್ತಿಲ್ಲ, ಟೇಪ್ ಬೇರೆ ಎಂದರೆ ದಾರಿಯಲ್ಲಿ ಯಾರೋ ತೆರೆದಿದ್ದಾರೆ, ಗ್ರಾಹಕರೇ ಎಂದು ತೀರ್ಮಾನಿಸಲು ಅವಸರ ಬೇಡ. ಬ್ಯಾಚ್ ಸಂಖ್ಯೆಯೇ ಬೇರೆಯಾದರೆ ಮಾತ್ರ ವಿಡಿಯೊ ಮುಂದಿಟ್ಟು ವಿವರಣೆ ಕೇಳಿ.

ಕ್ಲೇಮ್ ಹಾಕುವಾಗ ಗಡುವು ಮೊದಲು ನೋಡಿ. ಮಾರಾಟಗಾರರು ನಷ್ಟ ಪರಿಹಾರ ಕೇಳುವ ಅಮೆಜಾನ್‌ನ ಸೇಫ್-ಟಿ, ಫ್ಲಿಪ್‌ಕಾರ್ಟ್‌ನ ಎಸ್‌ಪಿಎಫ್, ಮೀಶೊದ ಕ್ಲೇಮ್ ವಿಭಾಗ ಎಲ್ಲಕ್ಕೂ ದಿನದ ಮಿತಿ ಇದೆ, ಅದು ಆಗಾಗ ಬದಲಾಗುತ್ತದೆ, ಆದ್ದರಿಂದ ನಿಮ್ಮ ಸೆಲ್ಲರ್ ಪ್ಯಾನೆಲ್‌ನಲ್ಲಿ ಇಂದು ಇರುವುದನ್ನೇ ಓದಿ. ಆಚೆ ಕಡೆ ಕೂತವರು ನಾಲ್ಕು ನಿಮಿಷದ ವಿಡಿಯೊ ಪೂರ್ತಿ ನೋಡುವುದಿಲ್ಲ. ಅವರಿಗೆ ದಾರಿ ತೋರಿಸಿ: "0:08 ಎಡಬ್ಲ್ಯುಬಿ, 0:55 ಸೋರಿಕೆ ಪರೀಕ್ಷೆ, 2:10 ಎಲ್ಲ ಕಡೆ ಎರಡು ಇಂಚು ಮೆತ್ತೆ, 2:50 ತೂಕ 1.640 ಕೆಜಿ, 3:15 ಲೇಬಲ್ ಅಂಟಿಸಿದ್ದು." ಅದೇ ಕ್ಷಣಗಳ ನಾಲ್ಕೈದು ಸ್ಕ್ರೀನ್‌ಶಾಟ್, ಗ್ರಾಹಕರ ಫೋಟೊ, ಇನ್‌ವಾಯ್ಸ್, ಪಿಕಪ್ ದಾಖಲೆ ಜೊತೆಗಿಡಿ. ಫೈಲ್ ದೊಡ್ಡದಾಗಿ ಅಪ್‌ಲೋಡ್ ಆಗದಿದ್ದರೆ ಪ್ರತಿಯನ್ನು ಕುಗ್ಗಿಸಿ, ಮೂಲವನ್ನಲ್ಲ. ಮೊದಲ ಉತ್ತರ "ತಿರಸ್ಕರಿಸಲಾಗಿದೆ" ಎಂದೇ ಬರಬಹುದು. ಯಾವ ಷರತ್ತಿನ ಅಡಿ ಎಂದು ಬರೆದು ಕೇಳಿ, ಮತ್ತೆ ತೆರೆಸಿ. ಫೋನಿನಲ್ಲಿ ಮಾತಾಡಿದ್ದನ್ನೂ ಆಮೇಲೆ ಇಮೇಲ್‌ನಲ್ಲಿ ಹಾಕಿ.

ಹಂತ 8: ವಾಪಸ್ ಬಂದ ಪಾರ್ಸೆಲ್

ಗ್ರಾಹಕರು ಹಿಂದಿರುಗಿಸಿದ್ದಾಗಲಿ, ಆರ್‌ಟಿಒ ಆಗಲಿ, ತೆರೆಯುವ ಮೊದಲು ಮತ್ತೆ ಅದೇ ಚೌಕ, ಅದೇ ಕ್ಯಾಮೆರಾ. ಆರ್‌ಟಿಒ ಎಂದರೆ ಡೆಲಿವರಿ ಆಗದೆ ನಿಮಗೇ ಮರಳಿದ ಪಾರ್ಸೆಲ್. ಲೇಬಲ್, ಆರೂ ಬದಿ, ತೂಕ, ಅಡ್ಡ ಸಹಿ, ಆಮೇಲೆ ಕತ್ತರಿ. ಉಪ್ಪಿನಕಾಯಿ ಬದಲು ನೀರು ತುಂಬಿದ ಬಾಟಲಿ, ಹೊಸ ಸೀರೆ ಬದಲು ಹಳೆ ಸೀರೆ ಬರುವುದು ಇಲ್ಲೇ, ಹೆಚ್ಚಿನವರು ವಿಡಿಯೊ ಮರೆಯುವುದೂ ಇಲ್ಲೇ. ಹೊರಗೇ ಹರಿದಿದ್ದರೆ ಅಥವಾ ಎಣ್ಣೆ ಕಲೆ ಇದ್ದರೆ ಡೆಲಿವರಿ ಹುಡುಗ ಇರುವಾಗಲೇ ಫೋಟೊ ತೆಗೆದು, ರಸೀದಿ ಮೇಲೆ "ಹಾನಿಯಾದ ಸ್ಥಿತಿಯಲ್ಲಿ ಪಡೆದಿದೆ" ಎಂದು ಬರೆದೇ ಸಹಿ ಹಾಕಿ.

ವಿಷಯ ಕೋರ್ಟು, ಆಯೋಗದ ತನಕ ಹೋದರೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದಕ್ಕೆ ಎರಡು ಭಾಗ: ಒಂದನ್ನು ದಾಖಲೆ ಹಾಜರುಪಡಿಸುವ ನೀವು, ಇನ್ನೊಂದನ್ನು ತಜ್ಞರು ತುಂಬುವುದು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ ಕೇಳುತ್ತಾರೆ. ಫೈಲಿನಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಉದ್ದನೆಯ ಗುರುತು ಸಾಲು ಅದು. ವಿಡಿಯೊದ ಒಂದು ಫ್ರೇಮ್ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಮೂಲ ಫೈಲನ್ನು ಮುಟ್ಟಬೇಡಿ ಎಂದು ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಜಗಳ ದೊಡ್ಡದಾಗುವ ಲಕ್ಷಣ ಕಂಡ ದಿನವೇ ಆ ಫೈಲಿನ ಹ್ಯಾಶ್ ತೆಗೆಸಿ ಬರೆದಿಡಿ. ಯಾವ ಫೋನಿನಲ್ಲಿ ತೆಗೆದದ್ದು, ಅದರ ಐಎಂಇಐ ಸಂಖ್ಯೆ ಏನು ಎಂಬುದೂ ಪಕ್ಕದಲ್ಲಿರಲಿ, ಪ್ರಮಾಣಪತ್ರದಲ್ಲಿ ಉಪಕರಣದ ವಿವರವೂ ಬೇಕಾಗುತ್ತದೆ. ಫೋನ್ ಬದಲಾಯಿಸುವ ಆಲೋಚನೆ ಇದ್ದರೆ, ಆ ಪ್ರಕರಣ ಮುಗಿಯುವ ತನಕ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ.